ಹೆಬ್ಬಾತು ಶಿಖರಮ್ಮನ ನೆಲನಿದ್ದೆ

ಒಂದು ಕಾಡಿನಲ್ಲಿ ಒಂದು ಕೆರೆ ಇತ್ತು. ಕೆರೆಯ ದಡದಲ್ಲಿ ಒಂದು ದೊಡ್ಡ ಬೂರುಗದ ಮರ ಇತ್ತು. ಆ ಮರದ ಕೆಳಗೆ, ಸಂಜೆಯಾದರೆ ಸಾಕು, ಎಂದೂ ಮುಗಿಯದ ಒಂದು ವಾದ ಇತ್ತು.

ವಾದ ಮಾಡುತ್ತಿದ್ದವರು ಮೂವರು. ಮೂವರಿಗೂ ವಯಸ್ಸಾಗಿತ್ತು, ಮೂವರೂ ದೂರದ ದೇಶಗಳಿಂದ ಬಂದವರು. ಒಂಟೆ ಡುಬ್ಬಣ್ಣ ಮರಳುಗಾಡಿನವನು. ಇಪ್ಪತ್ತು ವರ್ಷ ವ್ಯಾಪಾರಿಗಳ ಉಪ್ಪಿನ ಮೂಟೆ ಹೊತ್ತು, ಮಂಡಿ ಸವೆದ ಮೇಲೆ ಇಲ್ಲಿ ಬಂದು ಕಾಲು ಚಾಚಿದ್ದ. ಹೇಸರಗತ್ತೆ ಹೊರೆಯಪ್ಪ ಬೆಟ್ಟದ ದಾರಿಗಳಲ್ಲಿ ಅಕ್ಕಿ, ಬೇಳೆ ಸಾಗಿಸಿದವನು. ಈಗ ಬೆನ್ನ ಮೇಲೆ ಏನೂ ಇಲ್ಲದ್ದರಿಂದ ಅವನ ನಡಿಗೆ ಒಂದಿಷ್ಟು ಓಲಾಡುತ್ತಿತ್ತು. ಮೂರನೆಯವಳು ಹೆಬ್ಬಾತು ಶಿಖರಮ್ಮ. ಹಿಮದ ಬೆಟ್ಟಗಳನ್ನು ಹದಿನಾಲ್ಕು ಸಲ ಹಾರಿ ದಾಟಿದವಳು. ಪ್ರತಿ ಚಳಿಗಾಲಕ್ಕೆ ಹಿಂಡಿನ ಜೊತೆ ಈ ಕೆರೆಗೆ ಬಂದು, ಬಿಸಿಲು ಏರುವ ಹೊತ್ತಿಗೆ ತಿರುಗಿ ಹೋಗುತ್ತಿದ್ದಳು. ಐದು ವರ್ಷದ ಕೆಳಗೆ ಅವಳ ಯಜಮಾನ ಇದೇ ಕೆರೆಯಲ್ಲಿ ತೀರಿಕೊಂಡ. ಅದೇ ವರ್ಷ ಅವಳ ಬಲರೆಕ್ಕೆಯ ಕೀಲು ಹಿಡಿದುಕೊಂಡಿತು. ಹಿಂಡು ಎದ್ದು ಹೋಯಿತು. ಅವಳು ಉಳಿದಳು.

ಮೇಯಲು ಹುಲ್ಲಿತ್ತು, ಕುಡಿಯಲು ನೀರಿತ್ತು, ಬೈಯುವವರು ಯಾರೂ ಇರಲಿಲ್ಲ. ವಯಸ್ಸಾದವರಿಗೆ ಇನ್ನೇನು ಬೇಕು ಅಂತ ನೀವು ಕೇಳಬಹುದು. ಅವರಿಗೆ ಬೇಕಿತ್ತು. ಇಲ್ಲಿ ಸುಮ್ಮನೆ ಇದ್ದರೆ ಸಾಲದು, ಇಲ್ಲಿಯವರ ಹಾಗೆ ನಿಜವಾಗಿ ಬದುಕಬೇಕು ಅನ್ನುವುದು ಅವರ ತಲೆಗೆ ಹೊಕ್ಕಿತ್ತು. ಹಾಗೆ ನಿಜವಾಗಿ ಬದುಕುತ್ತಿರುವವರು ಮೂವರಲ್ಲಿ ಯಾರು ಅನ್ನುವುದೇ ಆ ವಾದ.

"ನಾನು ಬಂದು ಆರು ಮಳೆಗಾಲ ಆಯ್ತು," ಎಂದು ಡುಬ್ಬಣ್ಣ ಶುರು ಮಾಡುತ್ತಿದ್ದ. "ಇಲ್ಲಿಯವರ ಥರ ಬಿದಿರಿನ ಸೊಪ್ಪೇ ತಿಂತೀನಿ. ಜಾಲಿ ಮುಳ್ಳನ್ನ ಬಾಯಿಗೆ ಮುಟ್ಟಿಸಿಲ್ಲ."

ಇದು ಪೂರ್ತಿ ನಿಜವಲ್ಲ. ಬಿದಿರಿನ ಸೊಪ್ಪು ತಿಂದರೆ ಅವನ ಹೊಟ್ಟೆ ಗುಡುಗುಡು ಅನ್ನುತ್ತಿತ್ತು. ವಾರಕ್ಕೊಮ್ಮೆ ಯಾರಿಗೂ ಹೇಳದೆ ಕಾಡಿನ ಅಂಚಿಗೆ ಹೋಗಿ, ಕಣ್ಣು ಮುಚ್ಚಿಕೊಂಡು ಜಾಲಿಯ ಮುಳ್ಳು ಅಗಿದು ಬರುತ್ತಿದ್ದ.

"ತಿನ್ನೋದ್ರಲ್ಲಿ ಏನಿದೆ ಅಣ್ಣ," ಎಂದು ಹೊರೆಯಪ್ಪ ತಲೆ ಕೊಡವುತ್ತಿದ್ದ. "ಮೈಯಲ್ಲಿ ಬರಬೇಕು. ನಾನು ನೋಡಿ, ಧೂಳಲ್ಲಿ ಹೊರಳೋದು ಬಿಟ್ಟೇ ಬಿಟ್ಟೆ. ಕಾಡುಹಂದಿಗಳ ಥರ ಕೆಸರಲ್ಲಿ ಹೊರಳ್ತೀನಿ." ಇಷ್ಟು ಹೇಳುವುದರೊಳಗೆ ಎರಡು ಸಲ ಸೀನುತ್ತಿದ್ದ. ಆ ಕೆಸರಿನ ತಂಪು ಅವನಿಗೆ ಒಗ್ಗಿರಲಿಲ್ಲ.

ಆಮೇಲೆ ಇಬ್ಬರೂ ಶಿಖರಮ್ಮನ ಕಡೆ ತಿರುಗುತ್ತಿದ್ದರು. ದಿನವೂ ಅದು ಬಂದೇ ಬರುತ್ತಿತ್ತು.

"ನೀವು ಮಾತ್ರ ಇನ್ನೂ ನೀರಲ್ಲೇ ಮಲಗ್ತೀರಲ್ಲ ಶಿಖರಮ್ಮ," ಎನ್ನುತ್ತಿದ್ದ ಡುಬ್ಬಣ್ಣ. "ಬೇಜಾರು ಮಾಡ್ಕೋಬೇಡಿ. ಅದು ನಾಲ್ಕು ದಿನ ನೋಡ್ಕೊಂಡು ಹೋಗೋಕೆ ಬಂದವರ ರೀತಿ."

ಶಿಖರಮ್ಮ ಬೇಜಾರು ಮಾಡಿಕೊಳ್ಳುತ್ತಿದ್ದಳು. ಆದರೆ ಹೇಳುತ್ತಿರಲಿಲ್ಲ. ಹಗಲಿನ ನಿದ್ದೆ ಅವಳಿಗೆ ಕೆರೆಯ ನಡುವೆ, ಒಂದು ಚಪ್ಪಟೆ ಬಂಡೆಯ ನೆರಳಿನಲ್ಲಿ, ನೀರಿನ ಮೇಲೆ ತೇಲುತ್ತಲೇ ಆಗಬೇಕು. ತಲೆ ರೆಕ್ಕೆಯೊಳಗೆ, ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ತೆರೆದು. ಅವಳ ಅಮ್ಮ ಹಾಗೆ ಮಲಗುತ್ತಿದ್ದಳು, ಅಜ್ಜಿಯೂ ಹಾಗೆಯೇ. ಬಿಡಬೇಕೆಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ. ಈಗ ದಿನಾ ಕೇಳಿ ಕೇಳಿ, ತನ್ನಲ್ಲೇ ಏನೋ ಕೊರತೆ ಇದೆ ಅನ್ನಿಸತೊಡಗಿತ್ತು. ವಯಸ್ಸಾದ ಮೇಲೆ ಇದೊಂದು ಹೊಸ ಸುಸ್ತು.

ಹಾಗಾದರೆ ಆ ಕಾಡಿನಲ್ಲೇ ಹುಟ್ಟಿ ಬೆಳೆದವರು ಏನು ಮಾಡುತ್ತಿದ್ದರು? ಅವರಿಗೆ ಪುರುಸೊತ್ತು ಇರಲಿಲ್ಲ. ಕಾಡುಕೋಳಿ ಕೆದಕವ್ವನನ್ನೇ ನೋಡಿ. ಒಂಬತ್ತು ಮರಿಗಳನ್ನು ಹಿಂದೆ ಹಾಕಿಕೊಂಡು ಬೆಳಗಿನಿಂದ ಸಂಜೆಯ ತನಕ ತರಗೆಲೆ ಕೆದಕುವುದೇ ಅವಳ ಕೆಲಸ. ನಿಜವಾದ ಬದುಕು ಯಾವುದು ಅಂತ ಯಾರಾದರೂ ಕೇಳಿದ್ದರೆ, ಗೆದ್ದಲು ಎಲ್ಲಿ ಜಾಸ್ತಿ ಸಿಗುತ್ತದೆ ಅಂತ ತೋರಿಸುತ್ತಿದ್ದಳೋ ಏನೋ. ಯಾರೂ ಕೇಳಲಿಲ್ಲ.

ಕೆರೆಯ ಅಂಚಿನಲ್ಲಿ ಶಿಖರಮ್ಮ ಕೊನ್ನಾರಿ ಗಡ್ಡೆ ಕೀಳುವಾಗ ಕೆದಕವ್ವ ಎದುರಾಗುತ್ತಿದ್ದಳು. ಎರಡು ಮಾತು ಆಗುತ್ತಿತ್ತು. ಬೂರುಗದ ಮರ ಹೂ ಬಿಟ್ಟು, ಹೆಜ್ಜೇನು ಎಲ್ಲಿಂದಲೋ ಬಂದು ಕೊಂಬೆಗಳಿಗೆ ಗೂಡು ಕಟ್ಟುವ ಕಾಲಕ್ಕೆ ಪ್ರತಿ ವರ್ಷ ಕೆದಕವ್ವ ಒಂದೇ ಮಾತು ಹೇಳುತ್ತಿದ್ದಳು.

"ಜೇನು ಬಂತು ನೋಡಮ್ಮ. ಇನ್ನು ಬಾಳೆಹಣ್ಣು ತಿಂದ ಮೂತಿ ಇಟ್ಕೊಂಡು ಈ ಮರದ ಹತ್ತಿರ ಸುಳೀಬೇಡ. ಆ ವಾಸನೆ ಕಂಡ್ರೆ ಅವುಕ್ಕೆ ಆಗಲ್ಲ, ಮೈಮೇಲೆ ಬೀಳ್ತವೆ."

"ಇಲ್ಲಮ್ಮ, ನಾನು ಬಾಳೆಹಣ್ಣು ತಿನ್ನಲ್ಲ," ಎನ್ನುತ್ತಿದ್ದಳು ಶಿಖರಮ್ಮ.

"ನೀನು ತಿನ್ನದಿದ್ರೂ ಕೋತಿಗಳು ತಿಂತವಲ್ಲ. ಆ ವಾಸನೆ ಬಂದ್ರೆ ಎದ್ದು ಹೋಗು. ನಿಲ್ಲಬೇಡ."

ಅಷ್ಟೇ. ಹೊಸಿಲಿನ ಹತ್ತಿರ ಜಾರುತ್ತೆ ನೋಡ್ಕೊಂಡು ಬಾ ಅಂತ ಮನೆಯವರಿಗೆ ಹೇಳುತ್ತಾರಲ್ಲ, ಹಾಗೆ ಹೇಳಿ ಅವಳು ಮರಿಗಳ ಹಿಂದೆ ಹೋಗುತ್ತಿದ್ದಳು. ಶಿಖರಮ್ಮ ಇದನ್ನು ಸಂಜೆಯ ವಾದದಲ್ಲಿ ಒಮ್ಮೆಯೂ ಎತ್ತಲಿಲ್ಲ. ಅಲ್ಲಿ ಹೇಳಿಕೊಳ್ಳುವಂಥ ವಿಷಯ ಅಂತ ಅವಳಿಗೆ ಅನ್ನಿಸಿರಲಿಲ್ಲ.

ಹೀಗಿರುವಾಗ ಆ ಕಾಡಿಗೆ ಒಂದು ನರಿ ಬಂತು. ಅದು ಕಬ್ಬಿನ ಗದ್ದೆಯ ನರಿ. ಊರವರ ಕೋಳಿಗೂಡಿಗೆ ಬಾಯಿ ಹಾಕಿ, ಬಡಿಗೆ ಏಟು ತಿಂದು, ಹೋದ ಮಳೆಗಾಲದ ಕೊನೆಯಲ್ಲಿ ಕಾಡಿಗೆ ನುಗ್ಗಿತ್ತು. ಪೊದೆಯಲ್ಲಿ ಮಲಗಿಕೊಂಡು ಅದು ಮೂರು ಸಂಜೆ ಮುದುಕರ ವಾದ ಕೇಳಿತು. ನಾಲ್ಕನೆಯ ಸಂಜೆ ಮೈ ನೆಕ್ಕಿ ನುಣುಪು ಮಾಡಿಕೊಂಡು, ನಿಧಾನವಾಗಿ ನಡೆದು ಬಂದು ಅವರ ನಡುವೆ ಕೂತಿತು.

"ನನ್ನನ್ನ ಮೂಲಯ್ಯ ಅಂತಾರೆ," ಎಂದಿತು. "ಈ ಕಾಡಲ್ಲಿ ನಮ್ಮದು ಏಳನೇ ತಲೆಮಾರು. ಈ ಮರ ಸಸಿ ಆಗಿದ್ದಾಗ ನಮ್ಮ ಮುತ್ತಜ್ಜನೇ ನೀರು ಹಾಕಿದ್ದು. ನಿಮ್ಮ ಮಾತು ಕಿವಿಗೆ ಬಿತ್ತು. ನೀವು ಎಷ್ಟು ಪ್ರಯತ್ನ ಪಡ್ತಿದೀರ ಅಂತ ನೋಡಿ ಕರುಳು ಚುರುಕ್ ಅಂತು. ಆದ್ರೆ ನೀವು ಮಾಡ್ತಿರೋದು ಯಾವುದೂ ಅಸಲಿ ಅಲ್ಲ."

ಮೂವರೂ ಇಷ್ಟು ದಿನ ಹೆದರಿದ್ದು ಇದೇ ಮಾತಿಗೆ.

ಅಂದಿನಿಂದ ಮೂಲಯ್ಯ ಅವರ ಗುರುವಾದ. ಹೇಳಿಕೊಟ್ಟ ಮೊದಲ ಪದ್ಧತಿಯ ಹೆಸರು ನೆಲದ ಋಣ. ಹೊರಗಿನಿಂದ ಬಂದ ನಾಲ್ಕು ಕಾಲಿನವರು ದಿನಾ ಬೆಳಿಗ್ಗೆ ಇಲ್ಲಿಯ ಒಬ್ಬರನ್ನು ಬೆನ್ನ ಮೇಲೆ ಕೂರಿಸಿಕೊಂಡು ಕೆರೆ ಸುತ್ತಬೇಕಂತೆ. ಆ ಒಬ್ಬರು ಯಾವಾಗಲೂ ಮೂಲಯ್ಯನೇ ಆಗಿರುತ್ತಿದ್ದ. ಹೊರೆಯಪ್ಪನಿಗೆ ಮಾತ್ರ ಇದು ಹಿತವಾಯಿತು. ಬೆನ್ನಿಗೆ ಭಾರ ಬಿದ್ದ ಕೂಡಲೇ ಅವನ ನಡಿಗೆ ನೆಟ್ಟಗಾಯಿತು. ಜೀವನವಿಡೀ ಹೊತ್ತು ಹೊತ್ತು ಬಿಡುಗಡೆಯಾಗಿ ಬಂದವನು, ಕೊನೆಗಾಲದಲ್ಲಿ ಒಂದು ನರಿಯನ್ನು ಹೊರಲು ಸಂತೋಷಪಟ್ಟ. ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ಎರಡನೆಯ ಪದ್ಧತಿಯ ಹೆಸರು ನೆಲನಿದ್ದೆ. ಅದನ್ನು ಹೇಳುವಾಗ ಮೂಲಯ್ಯ ದನಿ ತಗ್ಗಿಸಿದ.

"ಈ ಕಾಡಿನ ಹಿರಿಯರು ಒಂದು ತೀರ್ಮಾನ ಮಾಡಿದಾರೆ. ಏಳು ಮಧ್ಯಾಹ್ನ ಈ ಮರದ ಕೆಳಗೆ, ಒಬ್ಬರೇ, ಬರೀ ನೆಲದ ಮೇಲೆ, ಎರಡೂ ಕಣ್ಣು ಮುಚ್ಚಿ ನಿದ್ದೆ ಮಾಡಬೇಕು. ಮಾಡಿದವರು ಇಲ್ಲಿಯವರು. ಮಾಡದಿದ್ದವರು ಮೊದಲ ಮಳೆ ಬೀಳೋದ್ರೊಳಗೆ ತಮ್ಮ ತಮ್ಮ ದೇಶಕ್ಕೆ ಹೊರಡಬೇಕು."

"ನನ್ನ ರೆಕ್ಕೆ ಹಾರಲ್ಲ ಮೂಲಯ್ಯ," ಎಂದಳು ಶಿಖರಮ್ಮ. "ನಾನು ಎಲ್ಲಿಗೆ ಹೋಗಲಿ?"

"ಅದಕ್ಕೇ ಹೇಳ್ತಿರೋದು ತಾಯಿ. ಮಲಗಿಬಿಡಿ, ಎಲ್ಲಾ ಸರಿ ಹೋಗುತ್ತೆ."

"ಒಂದು ಕಣ್ಣು ತೆರೆದಿದ್ರೆ ಆಗಲ್ವಾ? ನಮ್ಮ ಕಡೆ ಹಾಗೇ ಅಭ್ಯಾಸ."

ಮೂಲಯ್ಯ ತುಂಬಾ ನೊಂದವನ ಹಾಗೆ ತಲೆ ಆಡಿಸಿದ. "ಒಂದು ಕಣ್ಣು ತೆರೆದು ಮಲಗೋದು ಅಂದ್ರೆ ಏನರ್ಥ? ನನಗೆ ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತ. ಐದು ವರ್ಷ ನಮ್ಮ ನೀರು ಕುಡಿದು ಹಾಗನ್ನೋದು ಸರೀನಾ?"

ಶಿಖರಮ್ಮನಿಗೆ ನಾಚಿಕೆಯಾಯಿತು. ನಾಚಿಕೆಪಡುವಂಥದ್ದು ಏನೂ ಇರಲಿಲ್ಲ. ಆದರೆ ಪರದೇಶದಲ್ಲಿ ಇರುವವರಿಗೆ ನಾಚಿಕೆ ಬೇಗ ಆಗುತ್ತದೆ, ಅದು ನರಿಗೆ ಚೆನ್ನಾಗಿ ಗೊತ್ತಿತ್ತು.

ಮೊದಲು ಡುಬ್ಬಣ್ಣ ಏಳು ಮಧ್ಯಾಹ್ನ ಮಲಗಿ ಎದ್ದ. ಆಮೇಲೆ ಹೊರೆಯಪ್ಪ ಮಲಗಿ ಎದ್ದ. ಇಬ್ಬರಿಗೂ ಏನೂ ಆಗಲಿಲ್ಲ. ಒಂಟೆಯನ್ನು, ಹೇಸರಗತ್ತೆಯನ್ನು ತಿನ್ನುವಷ್ಟು ದೊಡ್ಡ ಬಾಯಿ ನರಿಗಿರಲಿಲ್ಲ. ಏಳನೆಯ ದಿನ ಮೂಲಯ್ಯ ಅವರವರ ಹಣೆಗೆ ಕೆರೆಯ ಮಣ್ಣು ಮೆತ್ತಿ, "ಇನ್ನು ನೀವು ಇಲ್ಲಿಯವರು," ಎಂದ. ಡುಬ್ಬಣ್ಣ ಆ ಮಣ್ಣು ಉದುರದ ಹಾಗೆ ಮೂರು ದಿನ ತಲೆ ನೆಟ್ಟಗೆ ಇಟ್ಟುಕೊಂಡು ಓಡಾಡಿದ.

"ನಿಮ್ಮದೊಂದು ಆಗಿಬಿಡಲಿ ಶಿಖರಮ್ಮ," ಎಂದ ಹೊರೆಯಪ್ಪ. ಅವನು ಕೆಟ್ಟವನಲ್ಲ. "ಮೂರೂ ಜನ ಇಲ್ಲಿಯವರೇ ಆದ್ರೆ ಈ ದಿನದಿನದ ವಾದ ತಪ್ಪುತ್ತೆ. ನನಗೂ ಸಾಕಾಗಿದೆ."

ಅವಳಿಗೂ ಸಾಕಾಗಿತ್ತು. ಮಾರನೆಯ ಮಧ್ಯಾಹ್ನ ಅವಳು ನೀರು ಬಿಟ್ಟು ಮರದ ಕೆಳಗೆ ಬಂದಳು.

ನೆಲ ಗಟ್ಟಿಯಾಗಿತ್ತು. ಬೇರುಗಳು ಎದೆಗೆ ಒತ್ತುತ್ತಿದ್ದವು. ಮೇಲೆ ಕೊಂಬೆಗಳಿಗೆ ಹೆಜ್ಜೇನಿನ ಗೂಡುಗಳು ಸಾಲಾಗಿ ಇಳಿಬಿದ್ದಿದ್ದವು, ಆದರೆ ಅವು ತಮ್ಮ ಪಾಡಿಗೆ ತಾವಿದ್ದವು. ಸುಮ್ಮನೆ ಮಲಗಿದವರ ತಂಟೆಗೆ ಅವು ಬರುವುದಿಲ್ಲ. ಶಿಖರಮ್ಮ ಎರಡೂ ಕಣ್ಣು ಮುಚ್ಚಿದಳು. ಕಣ್ಣು ಮುಚ್ಚಿದರೆ ನಿದ್ದೆ ಬರಬೇಕಲ್ಲ, ಬರಲಿಲ್ಲ. ಸ್ವಲ್ಪ ಹೊತ್ತಿಗೆ ಗಾಳಿ ತಿರುಗಿತು. ನರಿಯ ಕಮಟು ವಾಸನೆ ಮೂಗಿಗೆ ಬಡಿಯಿತು. ಅವಳ ಎಡಗಣ್ಣು ತಾನಾಗಿಯೇ ತೆರೆದುಕೊಂಡಿತು. ಪೊದೆಯಲ್ಲಿ ಎಲೆ ಅಲ್ಲಾಡಿ ಸುಮ್ಮನಾಯಿತು.

ಸಂಜೆ ಮೂಲಯ್ಯ ಮುಖ ಸಣ್ಣದು ಮಾಡಿಕೊಂಡು ಬಂದ. "ಕಣ್ಣು ತೆರೆದ್ರಿ," ಎಂದ. "ಇವತ್ತಿನದು ಲೆಕ್ಕಕ್ಕಿಲ್ಲ. ನಾಳೆಯಿಂದ ಮತ್ತೆ ಶುರು ಮಾಡಿ."

"ನರಿ ವಾಸನೆ ಬಂದ ಹಾಗಾಯ್ತು," ಎಂದಳು ಶಿಖರಮ್ಮ.

"ನಾನು ನಿಮ್ಮ ಕಾವಲಿಗೆ ಅಂತ ಅಲ್ಲೇ ಪೊದೇಲಿ ಕೂತಿದ್ದೆ. ಅಷ್ಟೂ ನಂಬಿಕೆ ಇಲ್ವಾ ತಾಯಿ?"

ಮಾರನೆಯ ದಿನವೂ ಹಾಗೇ ಆಯಿತು. ಅದರ ಮಾರನೆಯ ದಿನವೂ ಹಾಗೇ. ಪ್ರತಿ ಮಧ್ಯಾಹ್ನ ವಾಸನೆ ಬರುತ್ತಿತ್ತು, ಕಣ್ಣು ತೆರೆಯುತ್ತಿತ್ತು, ಸಂಜೆ ಮತ್ತೆ ಮೊದಲಿನಿಂದ ಶುರು. ಹತ್ತು ದಿನವಾದರೂ ಅವಳಿಗೆ ಒಂದು ದಿನ ಕೂಡಿ ಬರಲಿಲ್ಲ. ಹಗಲಿನ ನಿದ್ದೆ ಕೆಟ್ಟಿತು. ಗಡ್ಡೆ ಕೀಳುವ ಶಕ್ತಿ ಕಡಿಮೆಯಾಯಿತು. ಕೊರಳು ಎತ್ತಿದರೆ ನೋಯುತ್ತಿತ್ತು, ಇಳಿಸಿದರೂ ನೋಯುತ್ತಿತ್ತು. ಹಿಮದ ಬೆಟ್ಟ ದಾಟುವಾಗಲೂ ತನಗೆ ಇಷ್ಟು ಆಯಾಸ ಆಗಿರಲಿಲ್ಲ ಅಂತ ಅವಳು ನೆನೆದಳು. ಅಲ್ಲಿ ಹಾರಬೇಕಿತ್ತು, ಅಷ್ಟೇ. ಹಾರುತ್ತಿರುವುದು ನಿಜವೋ ಅಲ್ಲವೋ ಅಂತ ಯಾರೂ ಕೇಳುತ್ತಿರಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಕೆದಕವ್ವ ಎದುರಾದಳು.

"ಯಾಕಮ್ಮ, ಕಣ್ಣು ಕೆಂಪಗಾಗಿದೆ? ಸೊರಗಿ ಹೋಗಿದೀಯ."

ಶಿಖರಮ್ಮನಿಗೆ ಕೇಳಿಬಿಡೋಣ ಅನ್ನಿಸಿತು. ನಿಮ್ಮಲ್ಲಿ ನೆಲನಿದ್ದೆ ಅಂತ ಇದೆಯೇನಮ್ಮ, ಹಿರಿಯರು ಹಾಗೆ ಹೇಳಿದ್ದು ಹೌದೇನಮ್ಮ ಅಂತ. ಮಾತು ಕೊಕ್ಕಿನ ತುದಿಗೆ ಬಂತು. ಆದರೆ ಕೇಳಿದರೆ ತಾನು ಹೊರಗಿನವಳು ಅಂತ ತಾನೇ ಒಪ್ಪಿಕೊಂಡ ಹಾಗಲ್ಲವೇ? ಇಲ್ಲಿಯವರಿಗೆ ಇದೆಲ್ಲ ಹುಟ್ಟಿನಿಂದ ಗೊತ್ತಿರುತ್ತದೆ.

"ಏನಿಲ್ಲಮ್ಮ, ಬಿಸಿಲು," ಎಂದಳು.

"ಬಿಸಿಲೇ ಬಿಸಿಲು," ಎಂದು ಕೆದಕವ್ವ ಮುಂದೆ ಹೋದಳು.

ಇತ್ತ ಮೂಲಯ್ಯನಿಗೂ ತಾಳ್ಮೆ ಕೆಟ್ಟಿತ್ತು. ಹತ್ತು ಹೆಜ್ಜೆ ದೂರದಲ್ಲಿ ಕೊಬ್ಬಿದ ಹೆಬ್ಬಾತು, ಹತ್ತು ದಿನದಿಂದ ಖಾಲಿ ಹೊಟ್ಟೆ. ಆ ಹಾಳು ವಾಸನೆಯೊಂದು ಅಡ್ಡ ಬರುತ್ತಿತ್ತು. ಯೋಚಿಸಿ ಯೋಚಿಸಿ ಅವನಿಗೆ ಒಂದು ಉಪಾಯ ಹೊಳೆಯಿತು. ಹಳ್ಳದ ಪಕ್ಕದಲ್ಲಿ ಕಾಡುಬಾಳೆ ಹಣ್ಣಾಗಿ, ಗೊನೆಗೊನೆ ಕಳಚಿ ಬಿದ್ದಿತ್ತು. ಅವನು ಆ ಕೊಳೆತ ಹಣ್ಣಿನ ರಾಶಿಯಲ್ಲಿ ಚೆನ್ನಾಗಿ ಹೊರಳಿದ. ಮೂತಿಗೆ ಬಳಿದುಕೊಂಡ, ಬಾಲಕ್ಕೆ ಬಳಿದುಕೊಂಡ, ಕಂಕುಳನ್ನೂ ಬಿಡಲಿಲ್ಲ. ನರಿಯ ವಾಸನೆ ಪೂರ್ತಿ ಮುಚ್ಚಿಹೋಯಿತು. ತನ್ನ ಬುದ್ಧಿಗೆ ತಾನೇ ತಲೆದೂಗುತ್ತಾ ಅವನು ಮರದ ಕಡೆ ಬಂದ.

ಅವತ್ತು ಮಧ್ಯಾಹ್ನ ಶಿಖರಮ್ಮನಿಗೆ ನಿಜವಾಗಿ ನಿದ್ದೆ ಹತ್ತುತ್ತಿತ್ತು. ಬಲಗಣ್ಣು ಮುಚ್ಚಿತು. ಎಡಗಣ್ಣೂ ಮುಚ್ಚಿತು. ಕೊರಳು ಬೇರಿನ ಮೇಲೆ ಒರಗಿತು. ಇವತ್ತೊಂದು ದಿನ ಕೂಡಿ ಬಂತು ಅಂದುಕೊಂಡಳು. ನೆಮ್ಮದಿಯೂ ಆಯಿತು.

ಆಗ ಗಾಳಿಯಲ್ಲಿ ಬಾಳೆಹಣ್ಣಿನ ವಾಸನೆ ಬಂತು.

ಅವಳು ಯೋಚನೆ ಮಾಡಲಿಲ್ಲ. ಪರೀಕ್ಷೆ, ಹಿರಿಯರು, ಏಳು ದಿನ, ಯಾವುದೂ ನೆನಪಿಗೆ ಬರಲಿಲ್ಲ. ಐದು ವರ್ಷ ಕೇಳಿದ ಒಂದು ಮಾತು ಮಾತ್ರ ಮೈಯಲ್ಲಿ ಉಳಿದಿತ್ತು. ಆ ವಾಸನೆ ಬಂದರೆ ಎದ್ದು ಹೋಗು, ನಿಲ್ಲಬೇಡ. ನಿದ್ದೆಗಣ್ಣಿನಲ್ಲೇ ಅವಳು ಎದ್ದಳು, ಕಾಲೆಳೆಯುತ್ತಾ ಕೆರೆಗೆ ಇಳಿದಳು. ನೀರು ಎದೆಗೆ ತಾಗಿದ ಮೇಲೆ ತಿರುಗಿ ನೋಡಿದಳು. ಪೊದೆ ಅಲ್ಲಾಡುತ್ತಿತ್ತು. ಕೋತಿಮರಿ ಇರಬೇಕು ಅಂದುಕೊಂಡಳು, ಪಾಪ ಅನ್ನಿಸಿತು.

"ಯಾರಪ್ಪ ಅದು, ಬಾಳೆಹಣ್ಣು ತಿಂದು ಬಂದಿರೋದು?" ಎಂದು ಕೂಗಿ ಹೇಳಿದಳು. "ಈ ಕಡೆ ಬರಬೇಡ. ಮೇಲೆ ಜೇನಿದೆ. ಹಿಂದಕ್ಕೆ ಹೋಗು."

ಪೊದೆಯೊಳಗೆ ಮೂಲಯ್ಯ ಹಲ್ಲು ಕಡಿದ. ಹಣ್ಣಿಗೂ ಜೇನಿಗೂ ಏನು ಸಂಬಂಧ? ಮುದುಕಿಗೆ ನಿದ್ದೆಗಣ್ಣು, ಏನೋ ಬಡಬಡಿಸುತ್ತಿದ್ದಾಳೆ ಅಂದುಕೊಂಡ. ಏಳು ತಲೆಮಾರು ಅಲ್ಲೇ ಹುಟ್ಟಿ ಬೆಳೆದಿದ್ದರೆ ಆ ಮಾತು ಕೇಳಿದ ಕೂಡಲೇ ಓಡುತ್ತಿದ್ದ. ಒಂದು ಜೇನಿನ ಕಾಲವನ್ನಾದರೂ ನೋಡಿದ್ದರೆ ಸಾಕಿತ್ತು. ಅವನು ಬಂದದ್ದು ಜೇನು ಹೋದ ಮೇಲೆ, ಅವು ತಿರುಗಿ ಬಂದದ್ದು ಈಗ. ಹೆಬ್ಬಾತು ಇನ್ನೂ ದಡದಿಂದ ಎರಡು ಮಾರು ದೂರದಲ್ಲಿ ಇತ್ತು. ಮೂಲಯ್ಯ ಪೊದೆಯಿಂದ ಹಾರಿ, ಮರದ ಕೆಳಗೆ ಓಡಿ ಬಂದ.

ಮೇಲಿನಿಂದ ಮೊದಲು ಒಂದು ಹುಳ ಬಂತು. ಅವನ ಮೂಗಿನ ತುದಿಗೆ ಕಚ್ಚಿತು. ಆಮೇಲೆ ಹತ್ತು ಬಂದವು. ಆಮೇಲೆ ಕಪ್ಪಗೆ ನೇತಾಡುತ್ತಿದ್ದ ಒಂದು ಗೂಡಿಗೆ ಗೂಡೇ ಕಳಚಿಕೊಂಡು ಇಳಿಯಿತು.

ಮೂಲಯ್ಯನ ಕೂಗು ಕೆರೆಯ ಆಚೆ ದಡಕ್ಕೂ ಕೇಳಿಸಿತು. ಶಿಖರಮ್ಮ ನೀರಿನೊಳಗೆ ತಲೆ ಮುಳುಗಿಸಿ, ಎತ್ತಿ, ಮತ್ತೆ ಮುಳುಗಿಸಿ, ಬಂಡೆಯ ಆಚೆ ಬದಿಗೆ ಈಜಿಕೊಂಡು ಹೋದಳು. ಅಲ್ಲಿಂದ ಇಣುಕಿದಾಗ ಅವಳಿಗೆ ಕಂಡದ್ದು ಕೋತಿಮರಿಯಲ್ಲ. ಹಣ್ಣು ಬಳಿದುಕೊಂಡ ಮೂತಿ, ಅದರಡಿಯಲ್ಲಿ ಹಲ್ಲು. ಹತ್ತು ಮಧ್ಯಾಹ್ನ ತನ್ನ ಕಣ್ಣು ತಾನಾಗಿ ತೆರೆದದ್ದು ಯಾಕೆ ಅಂತ ಆಗ ಅವಳಿಗೆ ತಿಳಿಯಿತು.

ಮೂಲಯ್ಯ ಬಿದ್ದು ಎದ್ದು ಹೊರೆಯಪ್ಪ ಮೇಯುತ್ತಿದ್ದ ಕಡೆ ಓಡಿದ. "ಬೆನ್ನು ಕೊಡೋ ಹೊರೆಯಪ್ಪ, ಬೇಗ ಬೆನ್ನು ಕೊಡು," ಎಂದ. ಹೊರೆಯಪ್ಪ ತಲೆ ಎತ್ತಿ ನೋಡಿದ. ನರಿಯ ಹಿಂದೆ ಬರುತ್ತಿದ್ದ ಜೇನಿನ ಮೋಡವನ್ನೂ ನೋಡಿದ. ಜೀವಮಾನದಲ್ಲಿ ಮೊದಲ ಸಲ ಅವನು ಹೊರೆಯನ್ನು ಅಲ್ಲೇ ಬಿಟ್ಟು ಓಡಿದ. ಇನ್ನು ನರಿಗೆ ಉಳಿದದ್ದು ಒಂದೇ ದಾರಿ, ಕಬ್ಬಿನ ಗದ್ದೆಯ ದಾರಿ. ಏಳು ತಲೆಮಾರಿನ ಕಾಡಿನಲ್ಲಿ ಅವನಿಗೆ ಚೆನ್ನಾಗಿ ಗೊತ್ತಿದ್ದದ್ದು ಅದೊಂದೇ. ಮುಖ ಕುಂಬಳಕಾಯಿಯಷ್ಟು ಊದಿಸಿಕೊಂಡು, ಕಣ್ಣು ಕಾಣದೆ ಮುಳ್ಳುಬೇಲಿಗೆ ಸಿಕ್ಕಿ, ಅವನು ಊರವರ ಬಡಿಗೆಯ ಮುಂದೆ ಹೋಗಿ ಬಿದ್ದ. ಆಮೇಲೆ ಆ ಕಾಡಿನಲ್ಲಿ ಅವನನ್ನು ಕಂಡವರಿಲ್ಲ.

ಸಂಜೆ ಜೇನೆಲ್ಲ ಮರ ಸೇರಿದ ಮೇಲೆ ಕೆದಕವ್ವ ಮರಿಗಳೊಂದಿಗೆ ಬಂದಳು. ಡುಬ್ಬಣ್ಣ, ಹೊರೆಯಪ್ಪ ಮರದಿಂದ ದೂರ, ದಡದಲ್ಲಿ ನಿಂತಿದ್ದರು. ಡುಬ್ಬಣ್ಣನ ಹಣೆಯ ಮಣ್ಣು ಅರ್ಧ ಉದುರಿತ್ತು. ಶಿಖರಮ್ಮನಿಗೆ ಇನ್ನು ಮುಚ್ಚಿಟ್ಟುಕೊಳ್ಳಲು ಶಕ್ತಿ ಇರಲಿಲ್ಲ.

"ಒಂದು ಮಾತು ಕೇಳ್ತೀನಮ್ಮ," ಎಂದಳು. "ನಿಮ್ಮಲ್ಲಿ ನೆಲನಿದ್ದೆ ಅಂತ ಪದ್ಧತಿ ಇದೆಯಾ? ಮಾಡದಿದ್ದವರು ಹೊರಡಬೇಕು ಅಂತ ಹಿರಿಯರು ಹೇಳಿದಾರಾ?"

ಕೆದಕವ್ವ ಕತ್ತು ಓರೆ ಮಾಡಿ ನೋಡಿದಳು. "ನೆಲದ ಮೇಲೆ ಮಲಗೋದಾ? ಯಾರಾದ್ರೂ ಮಲಗ್ತಾರಾ? ನಾವು ಕೊಂಬೆ ಮೇಲೆ ಮಲಗೋರು. ಈ ಅಣ್ಣ, ಆ ಅಣ್ಣ, ಆಮೇಲೆ ನೀನು, ಸಾಲಾಗಿ ಬಂದು ಮಲಗಿದ್ರಲ್ಲ, ನಿಮ್ಮ ದೇಶದ್ದೇನೋ ವ್ರತ ಅಂದ್ಕೊಂಡಿದ್ವಿ. ಕೇಳಿದ್ರೆ ಎಲ್ಲಿ ಬೇಜಾರಾಗ್ತೀರೋ ಅಂತ ಸುಮ್ಮನಿದ್ವಿ."

"ನಾನು ಬಿದಿರಿನ ಸೊಪ್ಪು ತಿಂತೀನಲ್ಲ," ಎಂದ ಡುಬ್ಬಣ್ಣ ಮೆಲ್ಲಗೆ. "ಅದು?"

"ಅದೂ ನಿಮ್ಮ ಕಡೆ ಔಷಧಿ ಇರಬೇಕು ಅಂದ್ಕೊಂಡಿದ್ವಿ ಅಣ್ಣ. ತಿಂದಾಗಲೆಲ್ಲ ನಿಮ್ಮ ಹೊಟ್ಟೆ ಸದ್ದು ಮಾಡ್ತಿತ್ತು."

"ಮತ್ತೆ ಹೊರಡೋದು?" ಎಂದಳು ಶಿಖರಮ್ಮ. ಅವಳಿಗೆ ಬೇಕಿದ್ದದ್ದು ಅದೊಂದೇ ಉತ್ತರ.

"ಎಲ್ಲಿಗೆ?" ಎಂದಳು ಕೆದಕವ್ವ. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಒಂದು ಮರಿ ನೀರಿನ ಕಡೆ ಹೋಗುತ್ತಿತ್ತು, ಅದನ್ನು ಕರೆಯುತ್ತಾ ಅವಳು ಹೊರಟುಹೋದಳು.

ಅಂದಿನಿಂದ ಡುಬ್ಬಣ್ಣ ಹಾಡುಹಗಲೇ ಜಾಲಿ ಮುಳ್ಳು ತಿಂದ. ಹೊರೆಯಪ್ಪ ಧೂಳಿನಲ್ಲಿ ಹೊರಳಿದ, ಸೀನು ನಿಂತಿತು. ಹಾಗಂತ ಮರದ ಕೆಳಗಿನ ವಾದ ನಿಂತಿತೇ? ಇಲ್ಲ. ನರಿಯ ಮೇಲೆ ಮೊದಲು ಅನುಮಾನ ಬಂದದ್ದು ಯಾರಿಗೆ ಅಂತ ಇಬ್ಬರೂ ದಿನಾ ಸಂಜೆ ವಾದ ಮಾಡುತ್ತಿದ್ದರು. ಶಿಖರಮ್ಮ ಆ ಕಡೆ ಹೋಗಲಿಲ್ಲ. ಅವಳಿಗೆ ಹನ್ನೊಂದು ದಿನದ ನಿದ್ದೆ ಬಾಕಿ ಇತ್ತು.

ಮುಂದಿನ ಚಳಿಗಾಲದಲ್ಲಿ, ಒಂದು ಮಧ್ಯಾಹ್ನ, ಒಂದು ಮುದಿ ಕೊಕ್ಕರೆ ಕುಂಟುತ್ತಾ ಆ ಕೆರೆಗೆ ಬಂತು. ಬಹಳ ದೂರದಿಂದ ಬಂದಿತ್ತು, ತಿರುಗಿ ಹೋಗುವ ಹಾಗಿರಲಿಲ್ಲ. ದಡದಲ್ಲಿ ಕೆದಕುತ್ತಿದ್ದ ಕೆದಕವ್ವನನ್ನು ಕಂಡು ಅದು ಅಳುಕುತ್ತಾ ಕೇಳಿತು.

"ಅಮ್ಮಾ, ನಾನು ಇಲ್ಲಿ ಇರಬೇಕು ಅಂತಿದೀನಿ. ಇಲ್ಲಿಯ ರೀತಿ ರಿವಾಜು ಹೇಗೆ?"

"ರೀತಿ ಗೀತಿ ನನಗೆ ಗೊತ್ತಿಲ್ಲಪ್ಪ," ಎಂದಳು ಕೆದಕವ್ವ ತಲೆ ಎತ್ತದೆ. "ಜೇನು ಬಂದಾಗ ಬಾಳೆಹಣ್ಣು ತಿಂದು ಈ ಮರದ ಹತ್ತಿರ ಬರಬೇಡ. ಮಿಕ್ಕಿದ್ದು ಬೇಕಿದ್ರೆ ಅಗೋ, ನೀರಲ್ಲಿ ಮಲಗಿದಾಳಲ್ಲ, ಆ ಅಮ್ಮನ್ನ ಕೇಳು. ಇಲ್ಲಿಯವಳೇ, ಎಲ್ಲಾ ಗೊತ್ತು."

ಕೊಕ್ಕರೆ ಕೆರೆಯ ಕಡೆ ನೋಡಿತು. ಬಂಡೆಯ ನೆರಳಿನಲ್ಲಿ ಶಿಖರಮ್ಮ ತೇಲುತ್ತಿದ್ದಳು. ತಲೆ ರೆಕ್ಕೆಯೊಳಗೆ ಇತ್ತು. ಒಂದು ಕಣ್ಣು ಮುಚ್ಚಿತ್ತು, ಒಂದು ಕಣ್ಣು ತೆರೆದಿತ್ತು. ಇಲ್ಲಿಯವಳೇ ಅನ್ನುವ ಆ ಒಂದು ಮಾತು ಕೇಳಲು ಅವಳು ಐದು ವರ್ಷ ಕಾದಿದ್ದಳು, ಅದಕ್ಕಾಗಿ ಜೀವವನ್ನೇ ಕಳೆದುಕೊಳ್ಳುವುದರಲ್ಲಿದ್ದಳು. ಮಾತು ಬಂದಾಗ ಅವಳಿಗೆ ಕೇಳಿಸಲಿಲ್ಲ. ಅವಳಿಗೆ ಒಳ್ಳೆಯ ನಿದ್ದೆ ಬಂದಿತ್ತು.

ನೀತಿ: ನೆಲೆಸಿದ ನೆಲದವರಾಗಲು ಹುಟ್ಟಿದ ನೆಲದ ಒಳ್ಳೆಯ ಅಭ್ಯಾಸ ಬಿಡಬೇಕಿಲ್ಲ; ನೀವು ನಿಜವೋ ಸುಳ್ಳೋ ಎಂದು ಪರೀಕ್ಷೆ ಮಾಡಲು ಬರುವವರನ್ನು ನಂಬುವ ಮೊದಲು, ಅಕ್ಕಪಕ್ಕದವರನ್ನು ನಾಚದೆ ಒಂದು ಮಾತು ಕೇಳಿ.